ಎಂಜಿನ್ನಿಗೆ ಇಲ್ಲದ ಜ್ವರ

ಸುಮನಾ ಶಿವಮೊಗ್ಗದ ಫಿಸಿಯೊಥೆರಪಿಸ್ಟ್. ದಿನಾ ಬೆಳಿಗ್ಗೆ ತನ್ನ ಹಳೆಯ ಕಾರಿನಲ್ಲಿ ಭದ್ರಾವತಿಗೆ ಹೋಗಿ, ಕೈಕಾಲು ಸ್ವಾಧೀನ ತಪ್ಪಿದವರಿಗೆ ಅವರವರ ಮನೆಯಲ್ಲೇ ವ್ಯಾಯಾಮ ಮಾಡಿಸುತ್ತಿದ್ದಳು. ನ್ಯೂಟೌನಿನ ಪರಮೇಶ್ವರಪ್ಪನವರದು ಮೊದಲ ಮನೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕುಲುಮೆಗಳ ಶಾಖ ಅಳೆಯುವ ಮೀಟರುಗಳನ್ನು ರಿಪೇರಿ ಮಾಡಿ ನಿವೃತ್ತರಾದವರು ಅವರು. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು. ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು, ಅಷ್ಟೆ. ಸುಮನಾ ರಬ್ಬರ್ ಚೆಂಡು ಕೊಟ್ಟರೆ ಮುಖ ತಿರುಗಿಸುತ್ತಿದ್ದರು.

"ಚೆಂಡು ಹಿಸುಕ್ತಾ ಕೂರೋಕೆ ನಾನೇನು ಮಗೂನಾ?"

ಆ ಸೋಮವಾರ ಸುಮನಾಳಿಗೂ ಒತ್ತಾಯಿಸುವ ಉತ್ಸಾಹ ಇರಲಿಲ್ಲ. ಹದಿನೈದು ದಿನಗಳಿಂದ ಕಾರಿನ ಶಾಖದ ಮುಳ್ಳು ಕೆಂಪು ಗೆರೆಗೆ ಅಂಟಿಕೊಂಡಿತ್ತು. ಬೆಳಿಗ್ಗೆ ನಾಲ್ಕೈದು ಸಲ ಕೀಲಿ ತಿರುಗಿಸದೆ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಗ್ಯಾರೇಜಿನವನೊಬ್ಬ ಮುಳ್ಳು ನೋಡಿದವನೇ ಎಂಜಿನ್ ಬಿಚ್ಚಬೇಕು ಎಂದಿದ್ದ. ಅದು ಅವಳ ಕೈಲಾಗುವ ಮಾತಲ್ಲ. ಕಾರು ಮಾರಿ, ಭದ್ರಾವತಿಯ ಮನೆಗಳನ್ನು ಬೇರೆಯವರಿಗೆ ಒಪ್ಪಿಸುವುದೇ ಸರಿ ಎಂದುಕೊಂಡಿದ್ದಳು. ಆ ದಿನ ಹೊರಡುವಾಗ ಅದನ್ನೇ ಪರಮೇಶ್ವರಪ್ಪನವರಿಗೆ ಹೇಳಿದಳು.

ಅವರು ಸಮಾಧಾನ ಹೇಳಲಿಲ್ಲ, ಪ್ರಶ್ನೆ ಕೇಳಿದರು. "ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಮುಳ್ಳು ಎಲ್ಲಿರುತ್ತೆ?"

"ಆಗ್ಲೂ ಕೆಂಪಲ್ಲೇ ಅಂಕಲ್. ಕೀಲಿ ತಿರುಗಿಸಿದ ತಕ್ಷಣ ಫ್ಯಾನ್ ಬೇರೆ ಬಡ್ಕೊಳ್ಳುತ್ತೆ."

"ರೇಡಿಯೇಟರಿನ ಕೂಲೆಂಟ್ ಕಮ್ಮಿ ಆಗ್ತಿದ್ಯಾ?"

"ಇಲ್ಲ. ಹಾಕಿದ್ದು ಹಾಕಿದ ಹಾಗೇ ಇದೆ."

"ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಎಂಜಿನ್ನಿಗೆ ಒಂದೇ ಕ್ಷಣಕ್ಕೆ ಜ್ವರ ಬರುತ್ತೇನಮ್ಮ? ನಡಿ, ಬಾನೆಟ್ ಎತ್ತು."

ಊರುಗೋಲು ಕುಟ್ಟುತ್ತಾ ಅವರೇ ಮುಂದೆ ನಡೆದರು. ಎಂಜಿನ್ನಿನ ಪಕ್ಕದಲ್ಲಿ ಹಿತ್ತಾಳೆ ಬಣ್ಣದ ಸಣ್ಣ ಸೆನ್ಸರೊಂದನ್ನು ತೋರಿಸಿ, ಅದರ ವೈರಿನ ಪ್ಲಗ್ ಕಳಚಿಸಿದರು. ಸುಮನಾ ಒಳಗೆ ಕೂತು ಕೀಲಿ ತಿರುಗಿಸಿದಳು. ಮುಳ್ಳು ಮೇಲೇಳದೆ ತಳದಲ್ಲೇ ಮಲಗಿತ್ತು.

"ವೈರ್ ಸರಿ ಇದೆ, ಸೆನ್ಸರ್ ಕೆಟ್ಟಿದೆ. ಎಂಜಿನ್ ಬಿಸಿ ಇದೆ ಅಂತ ಅದು ಸುಳ್ಳು ಹೇಳೋದಕ್ಕೇ ತಣ್ಣಗಿನ ಗಾಡಿಗೆ ಬೇಕಾದಷ್ಟು ಪೆಟ್ರೋಲ್ ಸಿಗ್ತಿಲ್ಲ, ಸ್ಟಾರ್ಟ್ ಆಗ್ತಿಲ್ಲ" ಎಂದರು ಪರಮೇಶ್ವರಪ್ಪ. "ಶಿವಮೊಗ್ಗದಲ್ಲಿ ಇದೇ ಮಾಡೆಲ್‌ದು ಹೊಸದು ತಗೊಂಡು ಬಾ. ವಾಷರ್ ಮರೀಬೇಡ."

ಶನಿವಾರ ಸುಮನಾ ಹೊಸ ಸೆನ್ಸರ್ ತಂದಳು. ಎಂಜಿನ್ ಪೂರ್ತಿ ಆರುವ ತನಕ ರೇಡಿಯೇಟರಿನ ಮುಚ್ಚಳ ಮುಟ್ಟಕೂಡದು ಎಂದು ಪರಮೇಶ್ವರಪ್ಪ ಕಟ್ಟುನಿಟ್ಟಾಗಿ ಹೇಳಿದ್ದರಿಂದ, ಕಾರನ್ನು ಅವರ ಗೇಟಿನ ಮುಂದೆ ಬಿಟ್ಟು, ಇನ್ನೆರಡು ಮನೆಗಳಿಗೆ ಆಟೋದಲ್ಲಿ ಹೋಗಿಬಂದಳು. ಮಧ್ಯಾಹ್ನ ಬಂದಾಗ ಅವರು ಹಳೆಯ ಟೂಲ್ ಬಾಕ್ಸ್ ಪಕ್ಕದಲ್ಲಿಟ್ಟುಕೊಂಡು ಕಾರಿನ ಬಳಿಯೇ ಕುರ್ಚಿ ಹಾಕಿಸಿ ಕೂತಿದ್ದರು.

ಬ್ಯಾಟರಿಯ ವೈರ್ ತೆಗೆಸಿ, ಆ ಮುಚ್ಚಳ ಬಿಚ್ಚಿಸಿ, ಸ್ಪ್ಯಾನರ್ ಅವಳ ಕೈಗೆ ಕೊಟ್ಟು, ಊರುಗೋಲೂರಿ ಎದ್ದು ಅವಳ ಪಕ್ಕ ನಿಂತರು.

"ಆ ಕಡೆ ಅಲ್ಲ ಮಾರಾಯ್ತಿ! ಈ ಕಡೆ! ಬಿಗಿ ಮಾಡ್ತಿದ್ದೀಯಲ್ಲ!"

ಸೆನ್ಸರ್ ಕಳಚಿದ್ದೇ ತಡ, ಹಸಿರು ಕೂಲೆಂಟ್ ಬುಳಬುಳನೆ ಹರಿಯಿತು.

"ಬೆರಳಿಡು, ಬೆರಳು!"

ಸುಮನಾ ಹೆಬ್ಬೆರಳಿನಿಂದ ತೂತು ಒತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ಸ್ಪ್ಯಾನರಿಗೇ ಸಿಕ್ಕಿಕೊಂಡ ಹಳೆಯ ಸೆನ್ಸರಿತ್ತು. ಹೊಸದು ಬ್ಯಾಟರಿಯ ಮೇಲೆ, ಅವಳಿಗೆ ಎಟುಕದಷ್ಟು ದೂರದಲ್ಲಿ. ಪರಮೇಶ್ವರಪ್ಪನವರ ಎಡಗೈಯಲ್ಲಿ ಊರುಗೋಲು, ಬಿಟ್ಟರೆ ಬೀಳುತ್ತಾರೆ.

ಅವರ ಬಲಗೈ ಮೆಲ್ಲನೆ ಮೇಲೆದ್ದಿತು. ನಡುಗುತ್ತಾ ಬ್ಯಾಟರಿಯವರೆಗೆ ಹೋಗಿ ಒಮ್ಮೆ ಜಾರಿತು. ಮತ್ತೆ ಹೋಗಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸೆನ್ಸರನ್ನು ಹಿಡಿದುಕೊಂಡಿತು. ಮೂರು ವಾರ ಬೇಡಿಕೊಂಡರೂ ಆ ಬೆರಳುಗಳಿಂದ ಒಂದು ಚೆಂಡು ಹಿಡಿಸಲಾಗದಿದ್ದವಳು ಈಗ ಸ್ಪ್ಯಾನರನ್ನು ಮೆಲ್ಲನೆ ಕೆಳಗಿಟ್ಟು ಅಂಗೈ ಚಾಚಿದಳು. ಸೆನ್ಸರ್ ಅವಳ ಅಂಗೈಗೆ ಬಿತ್ತು.

"ಏನು ನೋಡ್ತಾ ನಿಂತೆ? ಕೂರಿಸು! ಜಾಸ್ತಿ ಬಿಗಿ ಮಾಡ್ಬೇಡ, ತಿರುಪಿನ ಥ್ರೆಡ್ ಹಾಳಾಗುತ್ತೆ."

ವೈರ್‌ಗಳನ್ನು ಮತ್ತೆ ಜೋಡಿಸಿ, ಕೂಲೆಂಟ್ ತುಂಬಿ ಕೀಲಿ ತಿರುಗಿಸಿದಾಗ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಫ್ಯಾನ್ ಸುಮ್ಮನಿತ್ತು. ಮುಳ್ಳು ತಳದಿಂದ ನಿಧಾನಕ್ಕೆ ಏರಿ ನಡುವಿಗೆ ಬಂದು ನಿಂತಿತು. ಹತ್ತು ನಿಮಿಷದ ಮೇಲೆ ಫ್ಯಾನ್ ತಾನಾಗಿ ತಿರುಗಿ, ಸ್ವಲ್ಪ ಹೊತ್ತಿಗೆ ತಾನಾಗಿ ನಿಂತಿತು. ಸೆನ್ಸರಿನ ಬುಡದಲ್ಲಿ ಒಂದು ಹನಿಯೂ ಜಿನುಗಲಿಲ್ಲ.

ಸುಮನಾ ಎಂಜಿನ್ ಆಫ್ ಮಾಡಿ ಕೆಳಗಿಳಿದಳು. "ಅಂಕಲ್, ನೀವಿಲ್ದಿದ್ರೆ ನಾನು ಈ ಊರಿಗೆ ಬರೋದೇ ನಿಂತು ಹೋಗ್ತಿತ್ತು."

"ನೀನು ಬರದಿದ್ರೆ ನನ್ನ ಕೈ ಯಾರು ನೋಡ್ತಿದ್ರು?" ಎಂದು ಅವರು ತಮ್ಮ ಬಲಗೈ ಬೆರಳಿಗೆ ಅಂಟಿದ್ದ ಎಣ್ಣೆಯ ಜಿಡ್ಡನ್ನು ಅಚ್ಚರಿಯಿಂದ ನೋಡಿಕೊಂಡರು. ಆಗಷ್ಟೇ ಅವರಿಗೂ ಗೊತ್ತಾಗಿತ್ತು. "ಸೋಮವಾರ ಬರ್ತಾ ಆ ಚೆಂಡು ತಗೊಂಡು ಬಾ. ಇಲ್ಲಾಂದ್ರೆ ನಟ್ಟು ಬೋಲ್ಟು ಕೊಡು, ಅದೇ ವಾಸಿ."

ಅವರ ಹೆಂಡತಿ ಪುಷ್ಪಮ್ಮ ಗೇಟಿನವರೆಗೆ ಬಂದರು. ಸುಮನಾಳ ಕೈಯನ್ನು ಜಿಡ್ಡು ಲೆಕ್ಕಿಸದೆ ಹಿಡಿದುಕೊಂಡರು. "ನಾಲ್ಕು ತಿಂಗಳಾಗಿತ್ತು ಕಣೆ, ಅವ್ರು ಹೀಗೆ ಬಾಯ್ತುಂಬ ಯಾರನ್ನಾದ್ರೂ ಬೈದು. ಅಡುಗೆಮನೇಲಿ ಕೇಳಿಸ್ಕೊಂಡು ಅತ್ತುಬಿಟ್ಟೆ. ಬೇಜಾರು ಮಾಡ್ಕೋಬೇಡ."

"ಅಯ್ಯೋ ಆಂಟಿ, ದಿನಾ ಬೈಲಿ ಬಿಡಿ" ಎಂದು ಸುಮನಾ ನಕ್ಕಳು.

ಪುಷ್ಪಮ್ಮ ಕೊಟ್ಟ ರೊಟ್ಟಿಯ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಅವಳು ಓಲ್ಡ್ ಟೌನ್ ಕಡೆ ಹೊರಟಳು. ಅಲ್ಲಿ ಇನ್ನೊಬ್ಬರು ಕಾಯುತ್ತಿದ್ದರು. ಆಗಲೇ ಅರ್ಧ ಗಂಟೆ ತಡವಾಗಿತ್ತು.