ಒದ್ದೆ ನೆಲ

ಸೊಸೆ ನಾಲ್ಕನೆಯ ಸಲ ಒಣಬಟ್ಟೆ ಹಿಡಿದು ನಡುಮನೆಯ ನೆಲ ಒರೆಸುತ್ತಿದ್ದಾಗ ನಾದಿನಿ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಹೆಣ ಎತ್ತಲು ಇನ್ನು ಅರ್ಧ ಗಂಟೆಯಿತ್ತು.

ಸತ್ತವಳು ಅತ್ತೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ ಆಗಿದ್ದವಳು; ಸೊಂಟ ಮುರಿದವರನ್ನು ಮತ್ತೆ ನಡೆಸುವುದು ಅವಳ ಕೆಲಸ. ನಿವೃತ್ತಿಯ ಮೇಲೂ ಬೀದಿಯ ಮುದುಕರನ್ನು ಬಿಟ್ಟಿರಲಿಲ್ಲ. ನೆಲದ ಮೇಲೆ ಸಿಕ್ಕಿದಳೆಂದು ಕೇಳಿ, ಬೀಳದಿರಲು ಎಲ್ಲರಿಗೂ ಕಲಿಸಿದವಳು ತಾನೇ ಬಿದ್ದು ಹೋದಳಲ್ಲ ಎಂದು ಬಂದವರು ಲೊಚಗುಟ್ಟಿದರು. ಬೆಳಗ್ಗೆ ನೆಲ ಒರೆಸಿ, ಅದು ಆರುವ ಮೊದಲೇ ತಾನು ಹಾಲು ತರಲು ಹೋಗಿದ್ದೆನೆಂದು ಸೊಸೆ ಯಾರಿಗೂ ಹೇಳಿರಲಿಲ್ಲ. ಹೆಣವನ್ನು ಒಮ್ಮೆಯೂ ಮುಟ್ಟಿರಲಿಲ್ಲ.

*

ಬುಧವಾರಗಳಂದು ಅತ್ತೆ ಇದೇ ನಡುಮನೆಯಲ್ಲಿ ಆ ಮುದುಕರಿಗೆಲ್ಲ ಕುರ್ಚಿ ಹಾಕಿಸುತ್ತಿದ್ದಳು. ಕೈ ಊರದೆ ಹತ್ತು ಸಲ ಏಳಬೇಕು. ಗೋಡೆಗೆ ಎರಡು ಬೆರಳು ತಾಗಿಸಿ ಒಂಟಿಕಾಲಲ್ಲಿ ನಿಲ್ಲಬೇಕು. ಸವೆದ ಚಪ್ಪಲಿ ಕಂಡರೆ ಕಿಟಕಿಯಾಚೆ ಎಸೆಯುತ್ತಿದ್ದಳು. ನಿವೃತ್ತ ಕಂಡಕ್ಟರನಿಗೆ ತಲೆಸುತ್ತು, ಹೇಳಿಕೊಳ್ಳಲು ನಾಚಿಕೆ.

"ಓಡೋ ಬಸ್ಸಲ್ಲೇ ಜೀವ ಸವೆಸಿದೋನು ನಾನು," ಎಂದ.

"ಈಗ ಬಸ್ಸು ನಿಂತಿದೆ, ನಿನ್ ತಲೆ ಓಡ್ತಿದೆ. ಸುತ್ತು ಬಂದ್ರೆ ಮರ್ಯಾದೆ ನೋಡ್ಬೇಡ. ಕನ್ನಡಕ ತೆಗೆದಿಡು, ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಕೂತ್ಬಿಡು. ದೇವರ ಮುಂದೆ ನಿಂತಿದ್ರೂ ಸರಿ, ಅವನೇನೂ ಅಂದ್ಕೊಳ್ಳಲ್ಲ."

*

ಆ ಕಂಡಕ್ಟರನೇ ಈಗ ಗೋಡೆ ಹಿಡಿದು, ಸೊಸೆ ನಿಂತಿದ್ದ ಅಡುಗೆಮನೆಯ ಬಾಗಿಲಿಗೆ ಬಂದ.

"ಮೊದ್ಲು ನೋಡಿದ್ದು ನೀನೇ ಅಲ್ವೇನಮ್ಮ? ಹೇಗಿದ್ರು?"

"ನೆಲ ಒದ್ದೆ ಇತ್ತು," ಎಂದಳು ಸೊಸೆ. "ಒರೆಸಿದ್ದು ನಾನು."

"ನಾನು ಕೇಳಿದ್ದು ಅದಲ್ಲ. ಹೇಗಿದ್ರು?"

"ಗೋಡೆಗೆ ಒರಗಿ ಕೂತಿದ್ರು. ಕನ್ನಡಕ ಮಡಚಿ ಪಕ್ಕದಲ್ಲಿ…"

ಮುದುಕ ತನ್ನ ಕನ್ನಡಕ ತೆಗೆದು ಮಡಚಿದ.

"ಜಾರಿ ಬಿದ್ದೋರು ಕನ್ನಡಕ ಮಡಚಿಡ್ತಾರೇನಮ್ಮ? ಮೇಲಿಂದ ಕರೆ ಬಂತು. ಅವರು ಕೂತ್ಕೊಂಡ್ರು. ಅಷ್ಟೆ."

ನಡುಮನೆಯಲ್ಲಿ ಹೆಣ ಎತ್ತಲು ನಾಲ್ವರು ಬಗ್ಗಿದ್ದರು. ಸೊಸೆ ಅವರ ನಡುವೆ ನುಸುಳಿ ಅತ್ತೆಯ ಕಾಲ ಬಳಿ ಕೂತಳು. ಹೊದಿಕೆ ಸರಿಸಿ ಎರಡು ಅಂಗಾಲುಗಳನ್ನೂ ಅಂಗೈಯಲ್ಲಿ ಹಿಡಿದಳು. ವಾರ್ಡಿನ ಉದ್ದಕ್ಕೂ ನಡೆದು ಸವೆದ ಹಿಮ್ಮಡಿ ಒರಟಾಗಿ, ದಪ್ಪವಾಗಿ, ತಣ್ಣಗಿತ್ತು. ನಾಲ್ವರೂ ಸೊಂಟ ನೆಟ್ಟಗೆ ಮಾಡಿ, ಅವಳು ಬಿಡುವವರೆಗೆ ನಿಂತರು.