ಆಡು ತುಳಿದ ಹೊಂಡ

ಗೌಸಸಾಬ ಕಟ್ಟಿದ ಟಾಕಿ ಸೋರುವುದಿಲ್ಲ. ಬೆಳಗಾವಿಯ ಮಹಾಂತೇಶ ನಗರದಿಂದ ಟಿಳಕವಾಡಿಯವರೆಗೆ ಯಾರನ್ನು ಕೇಳಿದರೂ ಇದೇ ಮಾತು. ನಲವತ್ತು ವರ್ಷ ಗವಂಡಿ ಕೆಲಸ ಮಾಡಿದವನು. ನೆಲದೊಳಗೆ ನೀರಿನ ಟಾಕಿ ಕಟ್ಟುವುದರಲ್ಲಿ ಎತ್ತಿದ ಕೈ. ಅಂಥವನು ಸ್ವಂತ ಹಿತ್ತಲಲ್ಲಿ ಕಟ್ಟಿದ ಟಾಕಿಯನ್ನು ಅವನ ಹೆಂಡತಿಯೇ ಹಾಡಹಗಲು ಹಾರೆ ಹಿಡಿದು ಒಡೆಯುತ್ತಿದ್ದಾಳೆಂದರೆ ಗಲ್ಲಿಯವರು ಸುಮ್ಮನೆ ಒಳಗೆ ಕೂರುತ್ತಾರೆಯೇ? ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ತಲೆಗಳು ಮೂಡಿದವು.

ರಾಜಬೀ ಆ ತಲೆಗಳ ಕಡೆ ನೋಡಲೂ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ, ಹಾರೆ ಎತ್ತಿ ಎತ್ತಿ ಹಾಕುತ್ತಿದ್ದಳು. ಅವಳಿಗೆ ಐವತ್ತೆಂಟು. ಮಂಡಿ ನೋವಿತ್ತು. ಸಿಟ್ಟು ಮಂಡಿ ನೋವಿಗಿಂತ ದೊಡ್ಡದಿತ್ತು.

ಆಗಿದ್ದು ಇಷ್ಟು. ರಾಜಬೀಯ ತವರು ಖಾನಾಪುರ ತಾಲೂಕಿನ ಗುಂಜಿ. ಅಲ್ಲಿ ಮನೆಯ ಹಿಂದೆಯೇ ಕಾಡು ಶುರುವಾಗುತ್ತಿತ್ತು. ಕಾಡಿಗೂ ಮನೆಗೂ ನಡುವೆ ಒಂದು ಹೊಂಡ. ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ ಅವಳಿಗೆ ನಳದ ನೀರು ಸಿಕ್ಕಿತು, ಕರೆಂಟು ಸಿಕ್ಕಿತು, ಕಪ್ಪೆಯ ದನಿ ಮಾತ್ರ ಸಿಗಲಿಲ್ಲ. ಈಚೆಗೆ ಮೊಬೈಲಿನಲ್ಲಿ ಯಾರೋ ಹೆಣ್ಣುಮಗಳು ಮನೆಯ ಹಿಂದೆ ಥೇಟ್ ಅಂಥದೇ ಹೊಂಡ ಮಾಡಿ ತೋರಿಸಿದ್ದನ್ನು ನೋಡಿದಳು. ನೋಡಿದ ದಿನವೇ ಗಂಡನಿಗೆ ಹೇಳಿದಳು, ನನಗೊಂದು ಹೊಂಡ ಬೇಕು ಅಂತ. ಯಾಕೆ ಅಂದರೆ ಬೇಕು, ಅಷ್ಟೇ.

ಗೌಸಸಾಬ ಖುಷಿಯಿಂದಲೇ ಒಪ್ಪಿದ. ಪಾಪ, ಅವನ ಮನಸ್ಸು ಕೆಟ್ಟದ್ದಲ್ಲ, ಕೈ ಕೆಟ್ಟದ್ದು. ಓರೆಕೋರೆಯಾಗಿ ಒಂದು ಗೆರೆ ಎಳೆಯಲು ಬಾರದ ಕೈ ಅದು. ನಾಲ್ಕೇ ದಿನದಲ್ಲಿ ಎಂಟು ಅಡಿ ಉದ್ದ, ಆರು ಅಡಿ ಅಗಲ, ನಾಲ್ಕು ಅಡಿ ಆಳ. ಮೂಲೆ ಮೂಲೆಗೂ ತೂಗುಗುಂಡು ಬಿಟ್ಟು ನೋಡಿದ, ಅಂಚಿನ ಮೇಲೆ ರಸಮಟ್ಟ ಇಟ್ಟು ನೋಡಿದ, ಕನ್ನಡಿಯ ಹಾಗೆ ನುಣ್ಣಗೆ ಎರಡು ಸಲ ಸಿಮೆಂಟ್ ಗಿಲಾವ ಮಾಡಿದ, ಸುತ್ತ ಕೆಂಪು ಟೈಲ್ಸ್ ಹಚ್ಚಿದ. ಹೊಂಡ ಕೇಳಿದರೆ ಟಾಕಿ ಕೊಟ್ಟ. ಇದು ಹೊಂಡ ಅಲ್ಲವೆಂದು ಅವಳು ಅಂದರೆ, ನೀರು ನಿಂತರೆ ಹೊಂಡವೇ ಅಂದ. ರಾಜಬೀ ನುಂಗಿಕೊಂಡಳು. ಮೂವತ್ತಾರು ವರ್ಷದಲ್ಲಿ ನುಂಗಿದ್ದು ಇದೊಂದೇ ಏನಲ್ಲ.

ಆದರೆ ಏಪ್ರಿಲ್ ತಿಂಗಳ ಒಂದು ಮುಂಜಾನೆ ನೀರಿನಲ್ಲಿ ಅಳಿಲು ತೇಲುತ್ತಿತ್ತು. ಕುಡಿಯಲು ಬಗ್ಗಿ ಬಿದ್ದಿತ್ತು. ಗಿಲಾವದ ಮೇಲೆ ನಾಲ್ಕೂ ಕಡೆ ಸಣ್ಣ ಉಗುರಿನ ಗೀರು. ಎಲ್ಲಿಯೂ ಹಿಡಿತ ಸಿಕ್ಕಿರಲಿಲ್ಲ. ರಾಜಬೀ ಅದನ್ನು ಎತ್ತಿ, ದಾಳಿಂಬೆ ಗಿಡದ ಬುಡದಲ್ಲಿ ಮಣ್ಣು ಮಾಡಿ, ಬಂದು ಹಾರೆ ತೆಗೆದುಕೊಂಡಳು.

ಗೌಸಸಾಬ ಓಡಿ ಬಂದ. ಮನೆಯಲ್ಲಿ ಅವರ ಮಾತು ದಖನಿ. ಜಗಳ ಮಾತ್ರ ಕನ್ನಡದಲ್ಲೇ; ಇಡೀ ಗಲ್ಲಿಗೆ ತಿಳಿಯದ ಜಗಳ ದಂಡ ಎಂಬುದು ರಾಜಬೀಯ ನಂಬಿಕೆ.

"ಹುಚ್ಚ ಹಿಡದೈತೇನ ನಿನಗ? ನಲವತ್ತ ವರ್ಷದಾಗ ನನ್ನ ಟಾಕಿಗೆ ಒಂದ ಬಿರುಕ ಬಿದ್ದಿಲ್ಲ!"

"ಈಗ ಬಿತ್ತಲ್ಲ," ಎಂದು ರಾಜಬೀ ಇನ್ನೊಂದು ಏಟು ಹಾಕಿದಳು.

"ಆತು, ಒಡಿ. ಇಲ್ಲೆ ನಾ ಸೆಂಟ್ರಿಂಗ್ ಸಾಮಾನ ಇಡಾಕ ಒಂದ ಕೋಲಿ ಕಟ್ತೀನಿ. ಹಲಗಿ ಎಲ್ಲಾ ಮಳಿಗಾಲದಾಗ ಕೊಳೀತಾವು."

"ಇಲ್ಲೆ ನಾ ಹೊಂಡ ಮಾಡ್ತೀನಿ."

"ನೀ?" ಗೌಸಸಾಬ ಗೋಡೆಯ ಮೇಲಿನ ತಲೆಗಳ ಕಡೆ ನೋಡಿ ನಕ್ಕ. "ಸಿಮೆಂಟ ಇಲ್ಲದ? ಮಾಡ, ನೋಡೂಣು. ನಿನ್ನ ಹೊಂಡದಾಗ ಎಂಟ ದಿನ ನೀರ ನಿಂತ್ರ ಕೋಲಿ ಮಾತ ಎತ್ತೂದಿಲ್ಲ. ಸೋರಿತಂದ್ರ ಒಂಬತ್ತನೇ ದಿನಾ ಕಾಂಕ್ರೀಟ್ ಹಾಕ್ತೀನಿ."

"ಎಲ್ಲಾರೂ ಕೇಳಿದ್ರಲ್ಲ?" ಎಂದು ರಾಜಬೀ ತಲೆಗಳನ್ನು ಕೇಳಿದಳು. ತಲೆಗಳು ಕೇಳಿದೆವೆಂದವು.

ಮೊದಲ ಸಲ ಅವಳು ಮಾಡಿದ್ದು ಎಲ್ಲ ಹೊಸಬರೂ ಮಾಡುವ ತಪ್ಪು. ಒಡೆದ ಟಾಕಿಯ ಚೂರುಗಳನ್ನು ಗೋಡೆಯ ಬದಿಗೆ ಗುಡ್ಡೆ ಹಾಕಿ, ತಗ್ಗನ್ನು ಅಗಲ ಮಾಡಿ, ಪೇಟೆಯಿಂದ ನೀಲಿ ತಾಡಪತ್ರಿ ತಂದು ಹಾಸಿ ನೀರು ಬಿಟ್ಟಳು. ಮಣ್ಣಿನಲ್ಲಿ ಉಳಿದಿದ್ದ ಸಿಮೆಂಟಿನ ಮೊನೆಗಳು ತಾಡಪತ್ರಿಯನ್ನು ಜರಡಿ ಮಾಡಿದವು. ಮರುದಿನ ಹಿತ್ತಲೆಲ್ಲ ಕೆಸರು, ತಗ್ಗಿನಲ್ಲಿ ನೀಲಿ ಪ್ಲಾಸ್ಟಿಕ್ಕು. ಗೌಸಸಾಬ ಚಹಾದ ಬಶಿ ಹಿಡಿದು ಬಾಗಿಲಲ್ಲಿ ನಿಂತು, "ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ, ಹೊಸಬರು ನೀವು," ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ 'ನೀವು' ಅವಳ ಮೈ ಉರಿಸಿತು.

ಮರುದಿನವೇ ರೈಲು ಹತ್ತಿ ಗುಂಜಿಗೆ ಹೋದಳು, ಬಾಲ್ಯದ ಗೆಳತಿ ಮಾಯಕ್ಕನ ಮನೆಗೆ. ಮಾಯಕ್ಕನದು ಎಮ್ಮೆ ಕಾಯುವ ಮನೆತನ. ಮಕ್ಕಳು ಈಗ ನೌಕರಿಗೆ ಹೋಗುತ್ತಾರೆ, ಎಮ್ಮೆ ಮಾತ್ರ ಕೊಟ್ಟಿಗೆ ಬಿಟ್ಟಿಲ್ಲ. ತಾಡಪತ್ರಿ ಕಥೆ ಕೇಳಿ ಮಾಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯವ್ವಾ ರಾಜಬೀ, ಎಮ್ಮಿ ಬೀಳೂ ಹೊಂಡಕ್ಕ ನಾವ ಎಂದರ ಪ್ಲಾಸ್ಟಿಕ್ ಹಾಸಿದ್ದ ನೋಡೀಯೇನ? ಜಿಗಟ ಮಣ್ಣ ಹಾಕಬೇಕು, ಬೆರಳ ದಪ್ಪ ಹಾಕೂದು, ತುಳಸೂದು. ಮತ್ತ ಹಾಕೂದು, ತುಳಸೂದು."

"ನಾನ ತುಳೀತೀನಿ."

"ಮನಶ್ಯಾರ ಪಾದ ಅಗಲ, ಮಣ್ಣ ಬರೇ ಮ್ಯಾಲ ಜಾರತೈತಿ. ಗೊರಸ ಬೇಕು. ಗೊರಸ ಒಳಗ ಇಳದ ಒತ್ತತೈತಿ. ಮತ್ತ ಒಂದ ಬಾಜು ಇಳಿಜಾರ ಇಡ. ಇಳದಾವು ಏರಬೇಕೋ ಬ್ಯಾಡೋ?"

"ಬೆಳಗಾವ್ಯಾಗ ಎಮ್ಮಿ ಎಲ್ಲಿಂದ ತರ್ಲಿ?"

"ಅದನ್ನ ನೀ ನೋಡ," ಎಂದಳು ಮಾಯಕ್ಕ.

ಖಾನಾಪುರದಲ್ಲಿ ಕುಂಬಾರರು ಗಡಿಗೆಗೆ ಬಳಸುವ ಮಣ್ಣನ್ನು ಒಂದು ಟೆಂಪೊ ತುಂಬ ಹೇರಿಸಿಕೊಂಡು, ಅದರ ಮೇಲೆ ಗುಂಜಿಯ ಜೊಂಡು, ನೈದಿಲೆ ಗಡ್ಡೆಯ ಒದ್ದೆ ಚೀಲ ಇಟ್ಟುಕೊಂಡು ರಾಜಬೀ ಬೆಳಗಾವಿಗೆ ಮರಳಿದಳು. ಮಣ್ಣು ಬಂತು, ಗೊರಸು ಎಲ್ಲಿ? ಎರಡು ದಿನ ಯೋಚಿಸಿದಳು. ಮೂರನೆಯ ದಿನ ಗಲ್ಲಿಯಲ್ಲಿ ಹೋಗುವಾಗ ಒಂದು ಹೋತ ಅವಳ ಸೆರಗನ್ನು ಬಾಯಿಗೆ ಹಾಕಿಕೊಂಡು ಎಳೆಯಿತು. ತಿರುಗಿ ನೋಡಿದಳು. ಆಚೆ ಮನೆಯ ಮುಂದೆ ಎರಡು, ಈಚೆ ಮನೆಯ ಮುಂದೆ ಒಂದು. ಬಕ್ರೀದ್‌ಗೆ ಮೂರು ವಾರ ಉಳಿದಿತ್ತು. ಮನೆ ಮನೆಯಲ್ಲೂ ಹೋತ ತಂದು ಕಟ್ಟಿ ಮೇಯಿಸುತ್ತಿದ್ದರು. ಗಲ್ಲಿಯ ತುಂಬ ಗೊರಸು!

ಕೆಲವರು ನಗುತ್ತ ಕೊಟ್ಟರು, ಕೆಲವರು ಇವಳ ಬಾಯಿಗೆ ಹೆದರಿ ಕೊಟ್ಟರು. ತಕರಾರು ತೆಗೆದವನು ಪಂಕ್ಚರ್ ಅಂಗಡಿಯ ಅಮ್ಜದ. ಅವನ ಎರಡು ಹೋತಗಳು ಗಲ್ಲಿಯಲ್ಲೇ ದೊಡ್ಡವು. ಅವಕ್ಕೆ ಬಾದಾಮಿ ತಿನ್ನಿಸುತ್ತಾನೆಂದು ಗಾಳಿಮಾತು.

"ಖಾಲಾ, ಕುರ್ಬಾನಿ ಜಾನವಾರ ದುಡಸಬಾರದು," ಎಂದ ಅಮ್ಜದ ಗಂಭೀರವಾಗಿ.

"ದುಡಸಾಕ ಯಾರ ಕರದಾರ? ಅಡ್ಡಾಡಾಕ ಕರದೀನಿ. ಹಗಲೆಲ್ಲಾ ಮೊಳ ಉದ್ದದ ಹಗ್ಗದಾಗ ನಿಂದರಸಿ ಅವುಗಳ ಕಾಲ ಸೆಟಸೀಯಲ್ಲ, ಆ ಪಾಪ ಯಾರ ತಲಿಗೆ ಬರತೈತಿ? ಬಿಚ್ಚ ಹಗ್ಗ."

ಅಮ್ಜದ ಹಗ್ಗ ಬಿಚ್ಚಿದ. ಆದರೂ ಹೋತಗಳ ಜೊತೆ ತಾನೂ ಬಂದು ಕಾವಲು ನಿಂತ.

ನಾಲ್ಕು ಸಂಜೆ ಹನ್ನೊಂದು ಹೋತಗಳು ಆ ತಗ್ಗಿನಲ್ಲಿ ಸುತ್ತಿದವು. ರಾಜಬೀ ಹಲಸಿನ ಟೊಂಗೆ ಹಿಡಿದು ಮುಂದೆ, ಅವು ಹಿಂದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಸೊಪ್ಪು ತೋರಿಸಿದರೆ ಅದು ತುಳಿಯದ ನೆಲವೂ ಇಲ್ಲ. ಒಂದು ಪದರ ಮಣ್ಣು, ನೀರು ಚಿಮುಕಿಸುವುದು, ನೂರು ಸುತ್ತು. ಕತ್ತಲಾಗುವ ಮೊದಲು ಹನ್ನೊಂದರ ನಾಲ್ಕು ನಾಲ್ಕು ಕಾಲು ತೊಳೆದು ಮನೆಗೆ ಮುಟ್ಟಿಸುವುದು. ಹೋತಗಳು ಏರಿದಲ್ಲಿ ದಂಡೆ ಕುಸಿಯಿತು, ಜಗಳಾಡಿದಲ್ಲಿ ಉಬ್ಬಿತು. ಒಂದು ಕಡೆ ಇಳಿಜಾರು ತಾನಾಗಿ ಆಯಿತು. ಯಾವ ಮೂಲೆಯೂ ಮೂಲೆಯಾಗಿ ಉಳಿಯಲಿಲ್ಲ.

ಗೌಸಸಾಬನಿಗೆ ಅದನ್ನು ನೋಡಿ ನಿದ್ದೆ ಬಾರದಂತಾಯಿತು. ನಾಲ್ಕನೆಯ ದಿನ ತಡೆಯಲಾರದೆ ದಾರದ ಉಂಡೆ ತಂದು, ದಂಡೆಯ ಈ ತುದಿಯಿಂದ ಆ ತುದಿಗೆ ಎಳೆದು ಹಿಡಿದ.

"ಇಲ್ಲೆ ಒಂದೀಟ ನೆಟ್ಟಗ ಮಾಡಿದ್ರ..."

ರಾಜಬೀ ದಾರವನ್ನು ಕಸಿದು ಮನೆಯ ಮಾಳಿಗೆಯ ಮೇಲೆ ಎಸೆದಳು.

ನೀರು ಬಿಟ್ಟ ದಿನ ಗೌಸಸಾಬ ಹೊಂಡದ ನಡುವೆ ಒಂದು ಗೂಟ ನೆಟ್ಟು, ನೀರಿನ ಮಟ್ಟಕ್ಕೆ ಸರಿಯಾಗಿ ಮೊಳೆ ಹೊಡೆದ. ಅದೇ ಸಂಜೆ ಅವನ ಸಾಮಾನು ಗೇಟಿಗೆ ಬಂದು ಬಿತ್ತು: ಉಸುಕು, ಖಡಿ, ಸಿಮೆಂಟಿನ ಚೀಲಗಳು. ತಾನೇ ಗೆಲ್ಲುತ್ತೇನೆಂಬ ಅಷ್ಟು ಭರವಸೆ ಅವನಿಗೆ.

ಮರುದಿನ ನೋಡಿದರೆ ನೀರು ಮೊಳೆಗಿಂತ ಒಂದು ಕೂದಲು ಕೆಳಗಿತ್ತು. ಹನ್ನೊಂದು ಹೋತ, ಒಂದು ಟೆಂಪೊ ಮಣ್ಣು, ಗಲ್ಲಿಯ ಮುಂದೆ ಆಡಿದ ಮಾತು, ಎಲ್ಲ ನೀರಿನಲ್ಲಿ ಹೋಮ! ರಾಜಬೀ ದಂಡೆಯ ಸುತ್ತ ಬಗ್ಗಿ ಬಗ್ಗಿ ಬಿರುಕು ಹುಡುಕಿದಳು. ಅಷ್ಟರಲ್ಲಿ ಬಟ್ಟೆ ನೆನೆಸುವ ಬೋಗುಣಿ ಕಣ್ಣಿಗೆ ಬಿತ್ತು. ಅದರಲ್ಲೂ ನೀರು ಇಳಿದ ಗುರುತಿತ್ತು. ಬೋಗುಣಿಗೆ ತೂತಿಲ್ಲ.

ಕೂಡಲೇ ಒಂದು ಅಲ್ಯೂಮಿನಿಯಂ ಬಕೆಟ್ಟು ತಂದು ತುಂಬಿಸಿ, ಹೊಂಡದ ಅಂಚಿನಲ್ಲಿ ಅದೇ ಬಿಸಿಲಿಗೆ ಇಟ್ಟಳು. ಬಕೆಟ್ಟಿನ ಒಳಗೊಂದು ಗೀರು, ಗೂಟದ ಮೇಲೊಂದು ಗೀರು. ಗಂಡನಿಗೆ ಏನೂ ಹೇಳಲಿಲ್ಲ. ಬಿಸಿಲು ಸುರಿಯಿತು, ಒಂದು ಹನಿ ಮಳೆಯಿಲ್ಲ. ಹೊಂಡದಲ್ಲಿ ಅವಳು ಊರಿದ್ದ ಜೊಂಡು ನೆಟ್ಟಗಾಯಿತು, ನೈದಿಲೆ ಎರಡು ಎಲೆ ಬಿಟ್ಟಿತು. ಆರನೆಯ ದಿನ ಎಲ್ಲಿಂದಲೋ ಒಂದು ಕಪ್ಪೆ ಬಂದು ಇಳಿಜಾರಿನಲ್ಲಿ ಕೂತಿತ್ತು. ರಾಜಬೀ ಉಸಿರು ಬಿಗಿಹಿಡಿದು ನೋಡಿದಳು. ಇನ್ನು ಈ ಜಾಗದ ಮೇಲೆ ಕಾಂಕ್ರೀಟ್ ಸುರಿಯಬೇಕಾದರೆ ಮೊದಲು ತನ್ನ ಮೇಲೆ ಸುರಿಯಲಿ ಅಂದುಕೊಂಡಳು. ಹಾಗೆ ಅಂದುಕೊಂಡರೂ ದಿನಕ್ಕೆ ಹತ್ತು ಸಲ ಗೂಟ ನೋಡುವುದು ತಪ್ಪಲಿಲ್ಲ.

ಎಂಟು ದಿನ ಮುಗಿದ ಮುಂಜಾನೆ, ಗೌಸಸಾಬನ ಹಳೆಯ ಜೊತೆಗಾರ ಭರಮಣ್ಣ ಇಬ್ಬರು ಆಳುಗಳೊಂದಿಗೆ ಕಾಂಕ್ರೀಟ್ ಮಿಕ್ಸರ್ ಎಳೆಸಿಕೊಂಡು ಬಂದ. ಗೋಡೆಯ ಮೇಲೆ ತಲೆಗಳು ಮೂಡಿದವು. ಅಮ್ಜದ ಅಂಗಡಿ ಬಿಟ್ಟು ಬಂದಿದ್ದ. ಗೌಸಸಾಬ ಪ್ಯಾಂಟು ಮಡಚಿ ಹೊಂಡಕ್ಕೆ ಇಳಿದು ಗೂಟದ ಮೊಳೆಯ ಕೆಳಗೆ ಬೆರಳಿಟ್ಟ.

"ಮೂರ ಬೆರಳ ಇಳದೈತಿ. ಸೋರೇತಿ. ನಾ ಹೇಳಿದ್ದಿಲ್ಲ?"

"ಇದಕ್ಕ ತೂತ ಎಲ್ಲೈತಿ ಹೇಳ್ರಿ," ಎಂದು ರಾಜಬೀ ಬಕೆಟ್ಟನ್ನು ಮುಂದೆ ಸರಿಸಿದಳು. "ಎರಡನೇ ದಿನ ಇಟ್ಟೀನಿ. ಗೂಟದ ಮ್ಯಾಲೂ ಅವತ್ತ ಗೀರ ಹಾಕೀನಿ. ಎರಡೂ ಅಳೀರಿ."

ಗೌಸಸಾಬ ಬಕೆಟ್ಟಿನಲ್ಲಿ ಬೆರಳಿಳಿಸಿ ಅಳೆದ. ಗೂಟದ ಗೀರಿನಿಂದ ಅಳೆದ. ಮತ್ತೊಮ್ಮೆ ಅಳೆದ. ಬಕೆಟ್ಟಿನ ನೀರು ಚೆಲ್ಲಿ, ತಳವನ್ನು ಬಿಸಿಲಿಗೆ ಹಿಡಿದು ನೋಡಿದ. ಹಟಮಾರಿ ಹೌದು, ಜಂಭದವನೂ ಹೌದು. ಆದರೆ ನೀರಿನ ವಿಷಯದಲ್ಲಿ ಸುಳ್ಳು ಹೇಳಿದ ಗವಂಡಿ ಅವನಲ್ಲ. ಅದು ರಾಜಬೀಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಪಂಥ ಕಟ್ಟಿದ್ದಳು.

"ಎರಡೂ ಒಂದ ಸಮಾ ಇಳದಾವು," ಎಂದ ಕೊನೆಗೆ. "ಬಿಸಲ ಕುಡದೈತಿ. ಸೋರಿಲ್ಲ. ಭರಮಣ್ಣಾ, ಮಿಕ್ಸರ್ ಹೊಳ್ಳಿ ಒಯ್ಯಿ."

ಅಮ್ಜದ ಶಿಳ್ಳೆ ಹೊಡೆದ. ಭರಮಣ್ಣ ಆಗ ಹೊಂಡವನ್ನು ಸರಿಯಾಗಿ ನೋಡಿದ. ಸುತ್ತ ಒಂದು ಸಲ ನಡೆದು ಬಂದ.

"ಏನ್ ಸಾಬರ, ಇಲ್ಲೆ ಮೊದಲಿಂದಾನ ಇತ್ತೇನೋ ಅನ್ನೂವಂಗ ಮಾಡೀರಲ್ಲ! ಕೈ ಅಂದ್ರ ನಿಮ್ಮ ಕೈ."

ಗೌಸಸಾಬನ ಬಾಯಿ ಅರ್ಧ ತೆರೆಯಿತು. ಆ ಅರ್ಧ ತೆರೆದ ಬಾಯಿ ರಾಜಬೀಗೆ ಚೆನ್ನಾಗಿ ಗೊತ್ತು. ಮದುವೆಯಾದ ಹೊಸದರಲ್ಲಿ ಹತ್ತು ವರ್ಷ ಅವನ ಟಾಕಿಗಳಿಗೆಲ್ಲ ಸಿಮೆಂಟ್ ಮಾಲು ಕಲಸಿ ಹೊತ್ತವಳು ಇವಳು. ಆಗಲೂ ಹೊಗಳಿಕೆ ಬಂದಾಗ ಅವನ ಬಾಯಿ ಹೀಗೇ ತೆರೆದು, ಒಂದು ಸಣ್ಣ ನಗೆಯಾಗಿ ಮುಚ್ಚುತ್ತಿತ್ತು. ಇವತ್ತು ಅದು ಮುಚ್ಚುವವರೆಗೆ ಅವಳು ಕಾಯಲಿಲ್ಲ.

"ಅವರ ಕೈಯಿಂದ ಆಗಿದ್ದು ಅಲ್ಲೆ ಬಿದ್ದೈತಿ ನೋಡ ಭರಮಣ್ಣ," ಎಂದು ಗೋಡೆಯ ಬದಿಯ ಸಿಮೆಂಟ್ ಚೂರಿನ ಗುಡ್ಡೆ ತೋರಿಸಿದಳು. "ಅದನ್ನ ಒಡದಾಕೀನೂ ನಾನ. ಇದನ್ನ ಮಾಡಿದಾಕೀನೂ ನಾನ. ಊರಾಗ ಹೇಳೂದಿದ್ರ ಎರಡೂ ಹೇಳ."

ಭರಮಣ್ಣ ಗೌಸಸಾಬನ ಮುಖ ನೋಡಿದ. ಆಳುಗಳು ನೋಡಿದರು. ಗೋಡೆಯ ಮೇಲಿನ ತಲೆಗಳು ನೋಡಿದವು.

"ಹೌದಪಾ," ಎಂದ ಗೌಸಸಾಬ, ಪ್ಯಾಂಟಿನ ಕೆಸರು ಒರೆಸಿಕೊಳ್ಳುತ್ತ. "ಆಕಿ ಮಾಡಿದ್ದು."

"ಆಕಿಗೆ ಒಂದ ಹೆಸರ ಐತಿ."

ನಾಲ್ಕು ಜನರ ಮುಂದೆ ಗಂಡ ಹೆಂಡತಿಯ ಹೆಸರು ಹಿಡಿಯುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ. ಅವನ ಬಾಯಲ್ಲಿ ಅವಳು ಇಷ್ಟು ವರ್ಷ 'ಮನ್ಯಾಗಿನಾಕಿ' ಆಗಿದ್ದಳು, ಮಗ ಹುಟ್ಟಿದ ಮೇಲೆ 'ಮುಜೀಬನ ತಾಯಿ' ಆಗಿದ್ದಳು. ಗೌಸಸಾಬ ನೀರು ನೋಡಿದ, ಓರೆಕೋರೆ ದಂಡೆ ನೋಡಿದ.

"ರಾಜಬೀ," ಎಂದ. ಗಲ್ಲಿಗೆ ಕೇಳುವಷ್ಟು ಜೋರಾಗಿಯೇ ಅಂದ. "ರಾಜಬೀ ಮಾಡಿದ್ದು."

"ಹಾಂ," ಎಂದು ರಾಜಬೀ ಸೆರಗು ಸರಿ ಮಾಡಿಕೊಂಡಳು. "ಕುಂದರ್ರಿ ಎಲ್ಲಾರೂ, ಚಹಾ ಮಾಡ್ತೀನಿ. ದಂಡಿ ಮ್ಯಾಲ ಮಾತ್ರ ಯಾರೂ ಕಾಲ ಇಡಬ್ಯಾಡ್ರಿ."