ದೇವರ ಮನೆಗೆ ಹೋದ ಹಡಪ

ನಾನೊಂದು ಪೆಟ್ಟಿಗೆ. ಸಾಗವಾನಿಯ ಮೈ, ಮುಚ್ಚಳದ ತುಂಬ ಹಿತ್ತಾಳೆಯ ಬಳ್ಳಿ. ಧಾರವಾಡದ ಒಂದು ದೊಡ್ಡ ಮನೆಯಲ್ಲಿ ನನ್ನನ್ನು ರಾಣಿಯ ಒಡವೆ ಪೆಟ್ಟಿಗೆ ಎಂದು ಕರೆದರು. ಸುಳ್ಳು. ನಾನು ಹಡಪ. ಕ್ಷೌರಿಕನ ಕತ್ತಿ, ಕತ್ತರಿ, ಬಾಚಣಿಗೆ ಹೊತ್ತು ಊರು ತಿರುಗಿದ ಪೆಟ್ಟಿಗೆ.

ಗದಗಿನ ಆಚೆ, ಎರೆ ನೆಲದ ಒಂದು ಊರಲ್ಲಿ ಬಡಿಗೇರ ಮೌನೇಶಪ್ಪ ನನ್ನನ್ನು ಮಾಡಿದ. ಹಡಪದ ಯಮನೂರಪ್ಪ ಅವನ ಗಡ್ಡ ಹೆರೆಯುತ್ತಿದ್ದ, ಅವನು ಯಮನೂರಪ್ಪನ ಬಾಗಿಲು, ಗೂಟ ನೋಡಿಕೊಳ್ಳುತ್ತಿದ್ದ. ನಾನೂ ಆ ಲೆಕ್ಕದಲ್ಲೇ ಹುಟ್ಟಿದವನು. ಎಂಟು ದಿನ ಕೂತು ಬಳ್ಳಿ ಕೂಡಿಸಿದ್ದನ್ನು ಕಂಡು ಬಡಿಗನ ಹೆಂಡತಿ, ಕ್ಷೌರದ ಪೆಟ್ಟಿಗೆಗೆ ಇಷ್ಟು ಸಿಂಗಾರವೇ, ನನ್ನ ತವರಿನ ಸಂದೂಕಕ್ಕೆ ಒಂದು ಹೂವನ್ನೂ ಬಡಿದಿಲ್ಲ ಎಂದು ಮೂದಲಿಸಿದಳು. ಮೌನೇಶಪ್ಪ ಉಳಿ ಕೆಳಗಿಡಲಿಲ್ಲ.

"ನಿನ್ನ ಸಂದೂಕ ನೀ ಒಬ್ಬಾಕಿ ನೋಡ್ತಿ. ಇದನ್ನ ಊರ ಗಂಡಸರೆಲ್ಲಾ ಕುತಿಗಿ ಮುಂದ ಮಾಡಿ ಕುಂತು ನೋಡ್ತಾರ."

ನೋಡಿದರು, ನಿಜ. ಆದರೆ ಅಂಗಳದಲ್ಲಿ. ಕಟ್ಟೆಯ ಮೇಲೆ ನನ್ನನ್ನು ಇಡುವಂತಿರಲಿಲ್ಲ. ಮುಂಜಾನೆ ಹೊರಟವರಿಗೆ ನಾನು ಎದುರಾದರೆ ಅಪಶಕುನ, ಅವರು ಹೊಳ್ಳಿ ಹೋಗಿ ತುಸು ಹೊತ್ತು ಕೂತು ಮತ್ತೆ ಹೊರಡುತ್ತಿದ್ದರು. ಮಗುವಿನ ಮೊದಲ ಕೂದಲು ತೆಗೆಯುವ ಜವಳಕ್ಕೆ, ಮದುವೆಗೆ, ಸತ್ತ ಮನೆಗೆ ಮಾತ್ರ ನಾನು ಬೇಕೇ ಬೇಕು. ಮಣ್ಣಿನ ಮೇಲೆ ಕೂತು ನಾನು ಮೇಲೆ ನೋಡಿದಾಗ ಕಂಡದ್ದು ಬರೀ ಗದ್ದಗಳು, ಗಂಟಲುಗಳು. ಕತ್ತಿ ತಾಗಿದಾಗ ಗೌಡನ ಗಂಟಲೂ ಜೀತದವನ ಗಂಟಲೂ ಒಂದೇ ಥರ ಏರಿಳಿಯುತ್ತಿದ್ದವು.

ಒಂದೇ ಒಂದು ಕೇರಿಯ ಗಂಟಲು ಮಾತ್ರ ನಾನು ಕಂಡಿರಲಿಲ್ಲ. ಊರ ಹೊರಗಿನವರು ತಮ್ಮ ಕೂದಲು ತಾವೇ ಕತ್ತರಿಸಿಕೊಳ್ಳುತ್ತಿದ್ದರು. ಒಂದು ದಿನ ಆ ಕೇರಿಯ ದುರುಗಪ್ಪ ಮೈಗೆ ಅರಿಶಿನ ಹಚ್ಚಿಕೊಂಡವನು ದೂರ ನಿಂತು ಯಮನೂರಪ್ಪನನ್ನು ಕರೆದ.

"ಯಪ್ಪಾ, ನಾಳಿ ನನ್ನ ಲಗ್ನ. ಒಂದ್ ಸಲ ಮನಷ್ಯಾನಂಗ ಕಾಣಬೇಕಂತ ಆಸೆ ಐತಿ."

ಮದುಮಗನಿಗೆ ಇಲ್ಲ ಎನ್ನಬಾರದು. ಅದು ಯಮನೂರಪ್ಪನ ಅಪ್ಪ, ಅಜ್ಜ ಪಾಲಿಸಿಕೊಂಡು ಬಂದ ಕಟ್ಟಳೆ. ತನ್ನ ಕಸುಬಿನ ಕಟ್ಟಳೆಯೇ ಊರಿನ ಕಟ್ಟಳೆಯೂ ಹೌದೆಂದು ಆ ಮನುಷ್ಯ ನಂಬಿಬಿಟ್ಟ. ಅದೇ ಅವನ ತಪ್ಪು. ಹಾಡಹಗಲು ದುರುಗಪ್ಪನನ್ನು ಕಲ್ಲಿನ ಮೇಲೆ ಕೂರಿಸಿ ನನ್ನ ಮುಚ್ಚಳ ತೆರೆದ.

ಸಂಜೆಗೆ ಚಾವಡಿ ತುಂಬಿತು. ನಮ್ಮ ತಲೆಗೂ ಅವರ ತಲೆಗೂ ಒಂದೇ ಕತ್ತಿಯೇ ಎಂದು ಗೌಡ ಕೇಳಿದ. ಹಡಪ ಇಲ್ಲಿಡು, ಇನ್ನು ಆ ಕೇರಿಯವರನ್ನು ಮುಟ್ಟುವುದಿಲ್ಲ ಎಂದು ಹನುಮಪ್ಪನ ಗುಡಿಯ ಮೆಟ್ಟಿಲು ಮುಟ್ಟಿ ಆಣೆ ಮಾಡು, ಆಮೇಲೆ ಒಯ್ಯಿ ಎಂದ. ಯಮನೂರಪ್ಪ ನನ್ನನ್ನು ಗೌಡನ ಮುಂದೆ ಇಟ್ಟ.

"ಮದುಮಗನ್ನ ಹೊಳ್ಳಿ ಕಳಿಸೂ ಕತ್ತಿ ನನಗ್ಯಾಕ್ರೀ ಗೌಡ್ರ," ಎಂದು ಬರಿಗೈಯಲ್ಲಿ ಇಳಿದು ಹೋದ.

ನನ್ನನ್ನು ಚಾವಡಿಯ ಅಟ್ಟಕ್ಕೆ ಎಸೆದರು. ಅವನು ಮೂರು ಸಲ ಬಂದು ಕೇಳಿದ. ಮೂರು ಸಲವೂ ಗೌಡ ಅದೇ ಆಣೆ ಕೇಳಿದ, ಇವನು ಬರಿಗೈಯಲ್ಲೇ ಹೋದ. ಆಮೇಲೆ ಗದಗಿನಲ್ಲಿ ಅರಳೆ ತುಂಬಿದ ಅಂಡಿಗೆ ಹೊರುತ್ತಿದ್ದಾನೆಂದು ಕೆಳಗೆ ಕೂತವರ ಮಾತಿನಿಂದ ತಿಳಿಯಿತು. ಹೊರುತ್ತಲೇ ಸತ್ತನೆಂದೂ ತಿಳಿಯಿತು. ಯಾರೋ ಸುಣ್ಣ ಕೇಳಿದರು, ಮಾತು ಬೇರೆ ಕಡೆ ಹೊರಳಿತು. ಅಷ್ಟೇ ಅವನ ಶ್ರಾದ್ಧ.

ಎಷ್ಟೋ ಮಳೆಗಾಲ ಕಳೆದು ಚಾವಡಿ ಕೆಡವಿದರು. ಹಳೆಯ ಬಾಗಿಲು, ಕಂಬಗಳ ಜೊತೆ ನನ್ನನ್ನೂ ಹುಬ್ಬಳ್ಳಿಯ ಹಳೇ ಸಾಮಾನಿನ ವ್ಯಾಪಾರಿ ಒಯ್ದ. ನನ್ನ ಮೂಲೆಯಲ್ಲಿದ್ದ ಕೂದಲ ಚೂರು ಊದಿ ತೆಗೆದವನಿಗೆ ನಾನು ಯಾರೆಂದು ಚೆನ್ನಾಗಿ ಗೊತ್ತಿತ್ತು. ಹಡಪ ಎಂದರೆ ಯಾರೂ ಕೊಳ್ಳುವುದಿಲ್ಲ ಎಂದೂ ಗೊತ್ತಿತ್ತು. ಎಣ್ಣೆ ತಿಕ್ಕಿ, ಹಿತ್ತಾಳೆ ಬೆಳಗಿಸಿ, ರಾಣಿಯನ್ನು ಅವನೇ ಹುಟ್ಟಿಸಿದ.

ಹೀಗೆ ನಾನು ಧಾರವಾಡದ ಸಪ್ತಾಪುರದಲ್ಲಿ ಪದ್ಮಜಾಬಾಯಿಯ ಮನೆ ಸೇರಿದೆ. ಅವರಿಗೆ ಹಳೆಯ ಪೆಟ್ಟಿಗೆಗಳ ಹುಚ್ಚು. ಯಾರದೋ ಅಜ್ಜನ ಎಲೆಪೆಟ್ಟಿಗೆಯಲ್ಲಿ ಟಿವಿಯ ರಿಮೋಟು, ಯಾರದೋ ಮದುವೆಯ ಕುಂಕುಮ ಭರಣಿಯಲ್ಲಿ ಬಾಯಿಯವರ ಬಿ.ಪಿ. ಮಾತ್ರೆ. ವಾರಕ್ಕೊಮ್ಮೆ ನಮ್ಮನ್ನು ಮೃದುವಾದ ಬಟ್ಟೆಯಿಂದ ಒರೆಸುತ್ತಿದ್ದರು. ಎಲ್ಲಿಂದ ಬಂದಿರಿ ಎಂದು ಒಮ್ಮೆಯೂ ಕೇಳಲಿಲ್ಲ. ನಾನು ರಾಣಿಯವನಲ್ಲವೇ, ನೇರ ದೇವರ ಮನೆಗೆ ಹೋದೆ. ಕತ್ತಿ ಮಲಗುತ್ತಿದ್ದ ಖಾನೆಯಲ್ಲಿ ಅಕ್ಷತೆ, ಸಾಣೆಕಲ್ಲಿನ ಖಾನೆಯಲ್ಲಿ ಕರ್ಪೂರ.

ತಿಂಗಳಿಗೊಮ್ಮೆ ಕಸ್ತೂರಿ ಎಂಬ ಹುಡುಗಿ ಆ ಮನೆಗೆ ಬರುತ್ತಿದ್ದಳು. ಪಾರ್ಲರಿನವಳು. ಬಾಯಿಯವರ ಹುಬ್ಬು ತೀಡುವಳು, ತಲೆಗೆ ಬಣ್ಣ ಹಚ್ಚುವಳು. ಮೂರು ವರ್ಷ ಅವಳ ಬೆರಳುಗಳು ಬಾಯಿಯವರ ನೆತ್ತಿಯ ಮೇಲೆ ಆಡಿದ್ದವು. ಒಂದು ಶ್ರಾವಣದಲ್ಲಿ ಬಾಯಿ ನನ್ನನ್ನು ತೋರಿಸಲೆಂದೇ, ಕೆಲಸ ಮುಗಿಸಿದ ಅವಳನ್ನು ದೇವರ ಮನೆಗೆ ಕರೆದರು. ಅವಳು ಮುಚ್ಚಳ ಎತ್ತಿ ಅದರ ಒಳ ಅಂಚಿನ ಮೇಲೆ ಹೆಬ್ಬೆರಳು ಎಳೆದಳು. ಅಲ್ಲಿ ಮೂರು ಗೀರುಗಳಿವೆ. ಯಮನೂರಪ್ಪ ತನ್ನ ಪ್ರತಿ ಮಗುವಿನ ಜವಳ ಮಾಡಿದ ದಿನ ಒಂದೊಂದು ಗೀರಿದ್ದ. ನಡುವಿನದು ಸೊಟ್ಟ. ಅಂದು ಮಗು ಒದ್ದು ಅವನ ಕೈ ಜಾರಿತ್ತು.

ಹೆಬ್ಬೆರಳು ಆ ಸೊಟ್ಟ ಗೀರಿನ ಮೇಲೆ ನಿಂತುಬಿಟ್ಟಿತು.

"ಅಕ್ಕಾರ, ಇದು ಒಡವಿ ಪೆಟಿಗಿ ಅಲ್ರಿ. ಹಡಪ. ನಮ್ಮ ಮುತ್ಯಾಂದು, ನಮ್ಮಪ್ಪನ ಅಪ್ಪಂದು. ಈ ಸೊಟ್ಟ ಗೀರು ನಮ್ಮಪ್ಪ."

ಆಮೇಲೆ ಮೆಲ್ಲಗೆ ಎಲ್ಲ ಹೇಳಿದಳು. ಆ ಗೀರುಗಳ ಕತೆಯನ್ನು ಅಪ್ಪ ಎಷ್ಟೋ ಸಲ ಹೇಳಿದ್ದಾನೆ. ಅಪ್ಪ ಈಗ ಹಾಸಿಗೆ ಹಿಡಿದಿದ್ದಾನೆ, ಒಂದು ಕೈ ಮಾತ್ರ ಆಡುತ್ತದೆ, ಸಾಯುವ ಮುಂಚೆ ಹಡಪವನ್ನೊಮ್ಮೆ ಮುಟ್ಟಬೇಕೆಂದು ಸದಾ ಕನವರಿಸುತ್ತಾನೆ, ಕೊಡುತ್ತೀರಾ ಎಂದು ಕೇಳಿದಳು. ಬಾಯಿ ಒಂದು ಹೆಜ್ಜೆ ಹಿಂದೆ ಸರಿದರು. ನೋಡೋಣ ಎಂದರು. ಅವಳು ಗೇಟು ದಾಟುವ ಮೊದಲೇ ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಹೊಯ್ದುಕೊಂಡರು. ಮೂರು ವರ್ಷ ಅದೇ ಕೈ ಆ ತಲೆಯನ್ನು ಮುಟ್ಟಿತ್ತು. ಆಗ ಅದು ಬ್ಯೂಟಿಷಿಯನ್ನಿನ ಕೈ.

ಅಕ್ಷತೆಯನ್ನು ಗಿಡದ ಬುಡಕ್ಕೆ ಸುರಿದು, ಕೆಲಸದಾಕೆಯ ಕೈಯಲ್ಲಿ ನನ್ನನ್ನು ಹಿತ್ತಲಿಗೆ ಸಾಗಿಸಿದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟು ಗೋಣಿತಾಟು ಹೊದಿಸಿದರು. ಆ ಹುಡುಗಿಗೆ ಕೊಟ್ಟು ಕೈ ತೊಳೆದುಕೋ ಎಂದು ಗಂಡ ಹೇಳಿದ್ದು ನನಗೆ ಕೇಳಿಸಿತು.

"ಕೊಟ್ಟರೆ ಊರ ತುಂಬ ಹೇಳ್ಕೋತ ಹೋಗ್ತಾಳ್ರೀ, ಅವರ ದೇವರ ಮನ್ಯಾಗ ನಮ್ಮ ಹಡಪ ಇತ್ತಂತ," ಎಂದರು ಬಾಯಿ.

ಪಾರ್ಲರಿಗೆ ಫೋನು ಹೋಯಿತು, ಮುಂದಿನ ತಿಂಗಳು ಬೇರೊಬ್ಬಳು ಬಂದಳು. ಆದರೆ ಒಂದು ಮಧ್ಯಾಹ್ನ ಕಸ್ತೂರಿ ತಾನಾಗಿ ಬಂದು ಗೇಟಿನಾಚೆ ನಿಂತಳು. ನನಗೂ ಅವಳಿಗೂ ನಡುವೆ ಒಂದು ಗೋಡೆ.

"ಕೊಡಬ್ಯಾಡ್ರಿ ಅಕ್ಕಾರ. ಒಂದ್ ತಾಸು ಕೊಡ್ರಿ. ಅಪ್ಪಗ ಮುಟ್ಟಿಸಿ ನಾನ ತಂದು ಇಡ್ತೀನಿ. ಡಾಕ್ಟರು ಇನ್ನ ಎರಡ ದಿನ ಅಂದಾರ."

"ಅದನ್ನ ಹಳೇ ಸಾಮಾನದವ ಒಯ್ದನವ್ವಾ," ಎಂದರು ಬಾಯಿ. "ಯಾವ ಊರಿನವ್ನೋ ಏನೋ."

ಕಸ್ತೂರಿ ಬೈಯಲಿಲ್ಲ, ಅಳಲಿಲ್ಲ. ಹೌದ್ರಿ ಎಂದಳು. ಸ್ಕೂಟಿ ಶುರುವಾಗಲು ಬಹಳ ಹೊತ್ತು ಹಿಡಿಯಿತು. ಕೂಗಲು ನನಗೆ ಬಾಯಿಲ್ಲ. ಇರುವ ಮುಚ್ಚಳ ತಾನಾಗಿ ತೆರೆಯುವುದಿಲ್ಲ.

ಆ ಎರಡು ದಿನ ಎಂದೋ ಮುಗಿದವು. ನೀರು ಕುಡಿದು ನನ್ನ ತಳದ ಹಲಗೆ ಉಬ್ಬಿದೆ, ಹಿತ್ತಾಳೆಯ ಬಳ್ಳಿ ಹಸಿರಾಗಿದೆ, ಒಳಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿವೆ. ಮುಂದಿನ ಕೋಣೆಯಲ್ಲಿ ಬಾಯಿ ಅತಿಥಿಗಳಿಗೆ, ಹಳೆಯ ವಸ್ತುಗಳನ್ನು ಉಳಿಸಿಕೊಳ್ಳಬೇಕು, ಅವು ನಮ್ಮ ಸಂಸ್ಕೃತಿ ಎಂದು ಹೇಳುವುದು ಕಿಟಕಿಯಿಂದ ಕೇಳಿಸುತ್ತದೆ. ಯಮನೂರಪ್ಪನಿಂದ ನನ್ನನ್ನು ಕಸಿದವರು ಅದನ್ನು ಹತ್ತು ಜನರ ಎದುರು ಹೇಳಿ ಕಸಿದಿದ್ದರು. ಇವರು ನಗುತ್ತ, ಅವ್ವಾ ಎನ್ನುತ್ತ ಕಸಿದರು. ಇವರಿಗೆ ಚಾವಡಿಯೂ ಬೇಕಾಗಲಿಲ್ಲ, ಗೌಡನೂ ಬೇಕಾಗಲಿಲ್ಲ.

ನನಗೆ ಬೀಗ ಹಾಕಿಲ್ಲ. ಒಂದು ಸುಳ್ಳೇ ಸಾಕಾದವರಿಗೆ ಹಾಕುವ ಅಗತ್ಯ ಯಾವತ್ತೂ ಬೀಳುವುದಿಲ್ಲ.